ಎನ್‌ಪಿಟೆಲ್ ಮ್ಯಾಥ್ಸ್ ಕ್ರೆಡಿಟ್ ವಿಷ್ಯ, ಎಲ್ರೂ ಒಂದ್ಸಲ ಓದ್ಕೊಳ್ಳಿ

ಫ್ರೆಂಡ್ಸ್, ನಿನ್ನೆಯಿಂದ ನಾಲ್ಕೈದು ಜನ ಇದನ್ನೇ ಕೇಳ್ತಿದೀರ, ಸ್ವಯಂ ಪೋರ್ಟಲಲ್ಲಿ (ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ, ಐಐಟಿಗಳೋರು ನಡೆಸೋ ಎನ್‌ಪಿಟೆಲ್ ಕೋರ್ಸುಗಳು ಇರೋದೂ ಇಲ್ಲೇ) ಮ್ಯಾಥ್ಸ್ ಕೋರ್ಸ್ ಮಾಡಿದ್ರೆ ಕಾಲೇಜಲ್ಲಿ ಡಿಗ್ರಿ ಲೆಕ್ಕಕ್ಕೆ ಸೇರೋ ಕ್ರೆಡಿಟ್ ಸಿಗುತ್ತಾ ಅಂತ. ಸಿಗುತ್ತೆ, ಯುಜಿಸಿಯ 2021ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೂ ಸ್ವಯಂನಿಂದ ತಗೋಬಹುದು ಅಂತಿದೆ, ಆದ್ರೆ ಆ ಕೋರ್ಸನ್ನ ನಿಮ್ಮ ಯೂನಿವರ್ಸಿಟಿ ಒಪ್ಕೊಂಡಿರ್ಬೇಕು. ನಾನು ಲೀನಿಯರ್ ಆಲ್ಜೀಬ್ರಾ ಮುಗಿಸಿ ಸರ್ಟಿಫಿಕೇಟ್ ಹಿಡ್ಕೊಂಡು ಹೋದ್ರೆ ಮೇಡಂ ಕನ್ನಡಕ ತೆಗೆದು ‘ಸೇರೋಕ್ ಮುಂಚೆ ಒಂದ್ ಮಾತ್ ಕೇಳ್ಬಾರ್ದಿತ್ತೇನಪ್ಪ’ ಅಂದ್ರು, 12 ವಾರ ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು. ಅದಕ್ಕೇ ಮೊದ್ಲು ಸಿಲಬಸ್ ಪ್ರಿಂಟ್ ತಗೊಂಡ್ಹೋಗಿ ತೋರಿಸಿ, ಒಪ್ಪಿಗೇನ ಬರವಣಿಗೇಲೇ ಇಸ್ಕೊಳ್ಳಿ.

ಇನ್ನೊಂದು, ಬರೀ ವಿಡಿಯೋ ನೋಡಿದ್ರೆ ಏನೂ ಬರಲ್ಲ. ಎನ್‌ಪಿಟೆಲಲ್ಲಿ ಅಸೈನ್‌ಮೆಂಟಿಗೆ 25, ಸೆಂಟರಿಗೆ ಹೋಗಿ ಬರೆಯೋ ಪರೀಕ್ಷೆಗೆ 75. ಪಾಸಾಗೋಕೆ ಅದ್ರಲ್ಲಿ 10, ಇದ್ರಲ್ಲಿ 30 ಎರಡೂ ಬೇಕು, ಒಂದ್ರಲ್ಲಿ ಜಾಸ್ತಿ ಬಂತು ಅಂತ ಇನ್ನೊಂದಕ್ಕೆ ತುಂಬ್ಕೊಡಲ್ಲ. ಕೋರ್ಸ್ ಸೇರೋಕೆ ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಫೀಸ್ ಕಟ್ಟಿ ಬೇರೇನೇ ರಿಜಿಸ್ಟರ್ ಆಗ್ಬೇಕು (ಮರೆತು ಕೂತೋರು ಈ ಗುಂಪಲ್ಲೇ ಇಬ್ರಿದಾರೆ, ಹೆಸರು ಹೇಳಲ್ಲ).

ಎಬಿಸಿ ಐಡಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದ್ರೆ ಕ್ರೆಡಿಟ್ ಜಮಾ ಆಗೋ ಖಾತೆಯ ನಂಬರು) ಇಲ್ದೋರು ಡಿಜಿಲಾಕರಲ್ಲಿ ಇವತ್ತೇ ಮಾಡ್ಕೊಳ್ಳಿ, ಕ್ರೆಡಿಟ್ ಬಂದು ಕೂರೋದು ಆ ಎಬಿಸಿ ಖಾತೇಲೇ.