ತೊಳೆಸಿದ ಗಾಡಿಗೆ ಬ್ರೇಕ್ ಇಲ್ಲ ಅಂದಿರಿ

ಗೆ,
ವ್ಯವಸ್ಥಾಪಕರು,
ವಾಹನ ಫಿಟ್‌ನೆಸ್ ಪರೀಕ್ಷಾ ಕೇಂದ್ರ

ವಿಷಯ: ಒದ್ದೆ ಬ್ರೇಕ್ ಮೇಲೆ ಟೆಸ್ಟ್ ಮಾಡಿ ಗಾಡಿ ಫೇಲ್ ಮಾಡಿದ್ದು ಮತ್ತು ಎರಡು ಸಲ ಫೀ ಕಟ್ಟಿಸಿಕೊಂಡಿದ್ದು

ಮಾನ್ಯರೇ,

ನನ್ನದು ಎಳನೀರು ಸಾಗಿಸುವ ಸಣ್ಣ ಗೂಡ್ಸ್ ಗಾಡಿ. ಮದ್ದೂರು ಮಾರ್ಕೆಟ್‌ನಲ್ಲಿ ಲೋಡ್ ಮಾಡಿಕೊಂಡು ಬೆಂಗಳೂರಿಗೆ ಹೊಡೆಯುತ್ತೇನೆ. ಗಾಡಿಗೆ 8 ವರ್ಷ ದಾಟಿದೆ. ಹಾಗಾಗಿ 2 ವರ್ಷಕ್ಕೊಮ್ಮೆ ಇದ್ದ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಈಗ ವರ್ಷ ವರ್ಷವೂ ಮಾಡಿಸಬೇಕು. ಅದಕ್ಕೆ ನನ್ನ ತಕರಾರಿಲ್ಲ. ಬ್ರೇಕ್ ಸರಿ ಇಲ್ಲದಿದ್ದರೆ ಮೊದಲು ಸಾಯುವವನು ಡ್ರೈವರ್, ಅಂದರೆ ನಾನೇ.

ಎಫ್‌ಸಿ ಮುಗಿಯುವುದು ಶುಕ್ರವಾರ ಇತ್ತು. ಸೋಮವಾರಕ್ಕೇ ಸ್ಲಾಟ್ ತೆಗೆದುಕೊಂಡು ಬೆಳಿಗ್ಗೆ 9ಕ್ಕೆ ನಿಮ್ಮ ಗೇಟಿನ ಮುಂದೆ ನಿಂತೆ. ಗೇಟಿನಲ್ಲಿದ್ದ ನಿಮ್ಮವರು ಬಗ್ಗಿ ನೋಡಿ, "ಚಾಸಿ ನಂಬರ್ ಮೇಲೆ ಮಣ್ಣಿದೆ, ಫೋಟೋ ಬರಲ್ಲ, ತೊಳೆಸ್ಕೊಂಡು ಬನ್ನಿ" ಅಂದರು. ಸರಿ, ಮಾತು ನ್ಯಾಯವೇ. ಆದರೆ ಚಾಸಿ ನಂಬರ್ ಇರುವ ಜಾಗ ಒರೆಸಲು ಒಂದು ಒದ್ದೆ ಬಟ್ಟೆ ಸಾಕಿತ್ತು. ಕಾಂಪೌಂಡ್ ಪಕ್ಕದಲ್ಲೇ ವಾಟರ್ ಸರ್ವೀಸ್ ಇದೆ, ಅಲ್ಲಿಗೇ ಕಳಿಸಿದರು. 150 ರೂಪಾಯಿ, ರಸೀದಿ ಇಲ್ಲ. ಅಲ್ಲಿನ ಹುಡುಗ ಪ್ರೆಷರ್ ಪಂಪ್ ಹಿಡಿದು ಹಿಂದಿನ ಎಡ ಚಕ್ರದ ಒಳಗೇ ನೀರು ನುಗ್ಗಿಸಿದ. ಮಣ್ಣು ಜಾಸ್ತಿ ಇದ್ದದ್ದು ಅಲ್ಲೇ, ಅವನದ್ದೂ ತಪ್ಪಲ್ಲ.

ಅಲ್ಲಿಂದ ನಿಮ್ಮ ಟೆಸ್ಟ್ ಲೇನಿಗೆ ನೂರು ಹೆಜ್ಜೆ ದೂರವೂ ಇಲ್ಲ. ಬ್ರೇಕ್ ಡ್ರಮ್ಮಿನಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಗಾಡಿ ಬ್ರೇಕ್ ಟೆಸ್ಟ್ ಮಾಡುವ ಮಿಷಿನ್ನಿನ ರೋಲರ್ ಮೇಲೆ ಹತ್ತಿತು. ಹತ್ತು ನಿಮಿಷ ಬಿಡಿ, ಎರಡು ರೌಂಡ್ ಓಡಿಸಿ ಬ್ರೇಕ್ ಕಾಯಿಸಿಕೊಂಡು ಬರುತ್ತೇನೆ ಅಂತ ನಾನು ಕೇಳಿದೆ. "ಲೈನ್ ನಿಲ್ಲುತ್ತೆ, ಆಗಲ್ಲ" ಅಂದರು. ಹಿಂದಿನ ಬಲ ಚಕ್ರ ಹಿಡಿಯಿತು, ಎಡ ಚಕ್ರ ಜಾರಿತು. ಹ್ಯಾಂಡ್ ಬ್ರೇಕಿಗೂ ಅದೇ ಕಥೆ. ಗಾಡಿ ಫೇಲ್.

ಎಷ್ಟು ಬರಬೇಕಿತ್ತು, ಎಷ್ಟು ಬಂತು ಅಂತ ಕೇಳಿದರೆ ಕೌಂಟರಿನಲ್ಲಿ "ಬ್ರೇಕ್ ಫೇಲ್" ಅಂತ ಪೆನ್ನಿನಲ್ಲಿ ಬರೆದ ಚೀಟಿ ಕೊಟ್ಟರು. ಅಷ್ಟು ದೊಡ್ಡ ಮಿಷಿನ್ ಇಟ್ಟಿದ್ದೀರಿ. ಅದು ಪ್ರತಿ ಚಕ್ರದ ಲೆಕ್ಕ ಕೊಡುತ್ತದೆ. ಆ ಲೆಕ್ಕ ಕೈಗೆ ಸಿಗದಿದ್ದರೆ ಮೆಕ್ಯಾನಿಕ್ ಏನನ್ನು ಸರಿ ಮಾಡಬೇಕು?

ಬುಧವಾರ ಲೋಡ್ ಬಿಟ್ಟು ಗಾಡಿಯನ್ನು ಗ್ಯಾರೇಜಿಗೆ ಹಾಕಿದೆ. ಮೆಕ್ಯಾನಿಕ್ ಎರಡೂ ಡ್ರಮ್ ಬಿಚ್ಚಿದರು. ಬ್ರೇಕ್ ಲೈನರ್ ಹಾಕಿಸಿ ಮೂರು ತಿಂಗಳಾಗಿತ್ತು, ಹೊಸದರ ಹಾಗೇ ಇತ್ತು. ವೀಲ್ ಸಿಲಿಂಡರ್‌ನಲ್ಲಿ ಆಯಿಲ್ ಲೀಕೂ ಇಲ್ಲ. "ಅಣ್ಣಾ, ಇದ್ರಲ್ಲಿ ಏನೂ ಇಲ್ಲ, ನೀರು ಕುಡಿದಿತ್ತು ಅಷ್ಟೇ" ಅಂದರು. ಏನೂ ಬದಲಾಯಿಸದೆ, ಅಡ್ಜಸ್ಟ್ ಕೂಡ ಮಾಡದೆ, ಹಾಗೇ ಮುಚ್ಚಿದರು. ಬಿಚ್ಚಿ ಮುಚ್ಚಿದ್ದಕ್ಕೆ 600 ರೂಪಾಯಿ ಕೊಟ್ಟೆ.

ಶುಕ್ರವಾರ ಮತ್ತೆ ಫೀ ಕಟ್ಟಿ ಬಂದೆ. ಅವತ್ತು ನಾನೇ ಮನೆಯಲ್ಲಿ ಒರೆಸಿಕೊಂಡು ಬಂದಿದ್ದರಿಂದ ಯಾರೂ ತೊಳೆಸಲು ಹೇಳಲಿಲ್ಲ. ಅದೇ ಬ್ರೇಕ್, ಅದೇ ರೋಲರ್, ಅದೇ ಸಿಬ್ಬಂದಿ. ಪಾಸ್! ಸಂಜೆ 5ಕ್ಕೆ ಸರ್ಟಿಫಿಕೇಟ್ ಸಿಕ್ಕಿತು. ಹಳೆಯದು ಮುಗಿಯಲು ಉಳಿದಿದ್ದು ಆ ರಾತ್ರಿ ಮಾತ್ರ. ಎಫ್‌ಸಿ ಇಲ್ಲದ ಗೂಡ್ಸ್ ಗಾಡಿ ಕಾನೂನಿನ ಲೆಕ್ಕದಲ್ಲಿ ರಿಜಿಸ್ಟ್ರೇಷನ್ನೇ ಇಲ್ಲದ ಗಾಡಿ. ಆ ನಾಲ್ಕು ದಿನ ನನಗೆ ನಿದ್ದೆ ಹೇಗೆ ಬಂದಿರುತ್ತದೆ ಅಂತ ನೀವೇ ಯೋಚಿಸಿ.

ಇನ್ನೊಂದು ವಿಷಯ. ರಿಫ್ಲೆಕ್ಟರ್ ಟೇಪ್ ನನ್ನ ಗಾಡಿಗೆ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು, ಎಲ್ಲಾ ಸರಿಯಾಗಿಯೇ ಇತ್ತು. ಆದರೂ ಸೋಮವಾರ ನಿಮ್ಮವರು ಗೇಟಿನ ಎದುರಿನ ಒಂದು ಅಂಗಡಿಯನ್ನೇ ತೋರಿಸಿ ಹೊಸದು ಹಾಕಿಸಿ ಅಂದರು. ನಾನು ಹಾಕಿಸಲಿಲ್ಲ. ಶುಕ್ರವಾರ ಹಳೆ ಟೇಪಿಗೇ ಪಾಸಾಯಿತು. ಟೆಸ್ಟಿಂಗ್ ಸ್ಟೇಷನ್‌ನವರು ಟೆಸ್ಟ್ ಬಿಟ್ಟು ರಿಪೇರಿ, ಸ್ಪೇರ್ ಪಾರ್ಟ್ ವ್ಯಾಪಾರಕ್ಕೆ ಕೈ ಹಾಕುವಂತಿಲ್ಲ ಅಂತ ಕೇಂದ್ರದ ನಿಯಮವೇ ಇದೆ. ಆ ಅಂಗಡಿಗೂ ನಿಮಗೂ ಸಂಬಂಧ ಇಲ್ಲದೇ ಇರಬಹುದು. ಹಾಗಿದ್ದರೆ ಕೈ ತೋರಿಸುವುದು ಯಾಕೆ?

ನನಗೆ ಬೇಕಿರುವುದು ಇಷ್ಟು. ಎರಡನೇ ಸಲ ಕಟ್ಟಿಸಿಕೊಂಡ ಫೀ ವಾಪಸ್ ಕೊಡಿ. ಸೋಮವಾರದ ಟೆಸ್ಟಿನ ಮಿಷಿನ್ ರಿಪೋರ್ಟ್ ಪೂರ್ತಿ ಕೊಡಿ, ಪೆನ್ನಿನ ಚೀಟಿ ಬೇಡ. ಮುಂದೆ ಯಾರಿಗಾದರೂ ಗಾಡಿ ತೊಳೆಸಲು ಹೇಳಿದರೆ, ರೋಲರ್ ಹತ್ತಿಸುವ ಮುಂಚೆ ಕಾಂಪೌಂಡಿನಲ್ಲೇ ಎರಡು ರೌಂಡ್ ಓಡಿಸಲು ಬಿಡಿ. ಒದ್ದೆ ಡ್ರಮ್ ಹಿಡಿಯಲ್ಲ ಅನ್ನೋದು ಮಳೆಗಾಲದಲ್ಲಿ ಗಾಡಿ ಓಡಿಸಿದ ಯಾವ ಡ್ರೈವರಿಗೂ ಗೊತ್ತು. ಟೆಸ್ಟ್ ಸಡಿಲ ಮಾಡಿ ಅಂತ ನಾನು ಕೇಳುತ್ತಿಲ್ಲ.

ಎರಡೂ ಫೀ ರಸೀದಿ, ಆ ಚೀಟಿ, ಗ್ಯಾರೇಜ್ ಬಿಲ್ ಜೊತೆಗಿಟ್ಟಿದ್ದೇನೆ. 15 ದಿನದೊಳಗೆ ಉತ್ತರ ಬರದಿದ್ದರೆ ಇದರ ಪ್ರತಿ ಆರ್‌ಟಿಒ ಕಚೇರಿಗೂ ಸಾರಿಗೆ ಇಲಾಖೆಗೂ ಹೋಗುತ್ತದೆ. ಫೋನ್ ಮಾಡುವುದಾದರೆ ಬೆಳಿಗ್ಗೆ 11ರ ಮೇಲೆ ಮಾಡಿ. ಅಲ್ಲಿವರೆಗೆ ಕಾಯಿ ಇಳಿಸುತ್ತಿರುತ್ತೇನೆ, ಎತ್ತಲು ಕೈ ಬಿಡುವಿರುವುದಿಲ್ಲ.

ಇಂತಿ,
ಗಾಡಿಯ ಮಾಲೀಕ ಮತ್ತು ಡ್ರೈವರ್,
ಮದ್ದೂರು ತಾಲ್ಲೂಕು