ಈ ವಾರದ ಸಂಖ್ಯೆ: 3,35,50,336

ಸದಸ್ಯರೆಲ್ಲರಿಗೂ ನಮಸ್ಕಾರ. 8128ರ ನಂತರದ ಪರಿಪೂರ್ಣ ಸಂಖ್ಯೆ ಯಾವುದು ಎಂದು ಹಲವರು ಕೇಳಿದ್ದಿರಿ. ಅದು 3,35,50,336. ತನ್ನನ್ನು ಬಿಟ್ಟು ಉಳಿದ 25 ಭಾಜಕಗಳನ್ನು ಕೂಡಿಸಿದರೆ ಮತ್ತೆ ಇದೇ ಸಂಖ್ಯೆ ಸಿಗುತ್ತದೆ; ಪರಿಪೂರ್ಣ ಎಂದರೆ ಇದೇ. ಒಡೆದರೆ 4096 × 8191. ಮೊದಲನೆಯದು 2ರ 12ನೆಯ ಘಾತ, ಎರಡನೆಯದು ಅವಿಭಾಜ್ಯ.

1ರಿಂದ 8191ರವರೆಗಿನ ಎಲ್ಲ ಸಂಖ್ಯೆಗಳ ಮೊತ್ತವೂ ಇದೇ, ಹಾಗಾಗಿ ತ್ರಿಕೋನ ಸಂಖ್ಯೆಯೂ ಹೌದು. 1ರಿಂದ 127ರವರೆಗಿನ ಬೆಸ ಸಂಖ್ಯೆಗಳ ಘನಗಳನ್ನು ಕೂಡಿಸಿದರೂ ಇಲ್ಲಿಗೇ ಬರುತ್ತೇವೆ. ನನಗೆ ಹಿಡಿಸಿದ್ದು ಮಾತ್ರ ಒಂದು ಚಿಲ್ಲರೆ ಸಂಗತಿ: ಇದರ ಅಂಕಿಗಳ ಮೊತ್ತ 28, ಅದೂ ಪರಿಪೂರ್ಣ!

ಆ 25 ಭಾಜಕಗಳನ್ನು ಭಾನುವಾರದೊಳಗೆ ಕೈಯಲ್ಲೇ ಬರೆದು ಫೋಟೊ ಕಳುಹಿಸಿ. ಕ್ಯಾಲ್ಕುಲೇಟರ್ ಬೇಡ. ಶುಭೋದಯದ ಚಿತ್ರಗಳೂ ಬೇಡ.