ಬಾಣದ ಮೇಲೆ ಏನಿತ್ತು, ಬರಿ

ಪ್ರೀತಿಯ ಮಗು,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉಳಿದದ್ದೆಲ್ಲ ಓದಿ ಮಡಚಿಟ್ಟೆ. ನಿನ್ನ ಬಾಣ ತಗಲಿಯೂ ಸಿಗದೆ ಹೋದ ಜಿಂಕೆಯ ಬಗ್ಗೆ ಬರೆದ ಒಂದು ಸಾಲು ಮಾತ್ರ ಬಿಡುತ್ತಿಲ್ಲ. "ಅದು ಇನ್ನೂ ಎಲ್ಲೋ ಪೊದೆಯಲ್ಲಿ ನರಳುತ್ತಿದ್ದರೆ?" ಅಂತ ಬರೆದಿದ್ದೀಯ. ರಾತ್ರಿ ಎರಡು ಸಲ ಎದ್ದು ಅದನ್ನೇ ಓದಿದೆ.

ನನ್ನ ಕೈಯಿಂದಲೂ ಒಂದು ಜಿಂಕೆ ಹಾಗೆ ತಪ್ಪಿಹೋಗಿತ್ತು. ನಿಮ್ಮಪ್ಪನಿಗೂ ಹೇಳಿಲ್ಲ. ಇಳಿಹೊತ್ತು, 25 ಮೀಟರ್ ದೂರ ಇರಬಹುದು. ಬಾಣ ತಗಲಿದ್ದೇ ಬೆನ್ನು ಗೂನು ಮಾಡಿತು. ಓಡಲಿಲ್ಲ, ಮೆಲ್ಲಗೆ ನಡೆದು ಹೋಯಿತು. ಹಾಗೆ ನಡೆದರೆ ಪೆಟ್ಟು ಹೊಟ್ಟೆಗೆ ಬಿದ್ದಿದೆ ಅಂತ ನನಗೆ ಗೊತ್ತಿತ್ತು. ಬಾಣಕ್ಕೆ ಹಸಿರು ಮೆತ್ತಿತ್ತು, ಹುಳಿ ನಾತ. ಆದರೂ ಹತ್ತು ನಿಮಿಷ ಕಾಯಲಾಗಲಿಲ್ಲ. ಕತ್ತಲಾಗಿಬಿಡುತ್ತದೆ ಅನ್ನುವ ಭಯ. ನೂರು ಹೆಜ್ಜೆಯೊಳಗೆ ಅದು ಮಲಗಿದ್ದ ಜಾಗ ಸಿಕ್ಕಿತು. ಹುಲ್ಲು ಒತ್ತಿಹೋಗಿತ್ತು, ನಡುವೆ ಅಂಗೈಯಗಲ ಕಪ್ಪು ರಕ್ತ. ಕೈಯಿಟ್ಟೆ. ಇನ್ನೂ ಬೆಚ್ಚಗಿತ್ತು. ಮುಂದೆ ಎಲ್ಲೋ ಕಡ್ಡಿ ಮುರಿದ ಸದ್ದು. ಅಲ್ಲಿಂದಾಚೆ ಒಂದು ಹನಿಯೂ ಸಿಗಲಿಲ್ಲ.

ಸುಮ್ನೆ ಎಂಟು ಹತ್ತು ಗಂಟೆ ಬಿಟ್ಟಿದ್ದರೆ ಅಲ್ಲೇ ಮಲಗಿರುತ್ತಿತ್ತು. ಅಲ್ಲೇ ಪ್ರಾಣ ಹೋಗುತ್ತಿತ್ತು. ಹೊಡೆದದ್ದಕ್ಕಿಂತ ಎಬ್ಬಿಸಿದ್ದೇ ನನ್ನನ್ನು ಜಾಸ್ತಿ ಕಾಡಿದ್ದು.

ನಿನ್ನ ಮಾತಿಗೆ ಬರುತ್ತೇನೆ. ನರಳುತ್ತಿದೆಯಾ? ಎರಡೂ ಶ್ವಾಸಕೋಶ ತೂತಾಗಿದ್ದರೆ ರಕ್ತ ತಿಳಿಗೆಂಪು, ನೊರೆ ನೊರೆ. ಅಂಥದ್ದು ನಿಮಿಷಗಳಲ್ಲೇ ಮುಗಿದುಹೋಗುತ್ತದೆ. ಲಿವರ್ ಆದರೆ ಕಡುಗೆಂಪು, ಕೆಲವು ಗಂಟೆ. ಹೊಟ್ಟೆಯಾದರೆ ನಿನಗೆ ಸುಳ್ಳು ಹೇಳಲಾರೆ, ನಿಧಾನ. ಆದರೆ ಇಷ್ಟು ದಿನ ಇರುವುದಿಲ್ಲ ಮಗು. ಆ ನೋವು ಮುಗಿದಿರುತ್ತದೆ.

ಇನ್ನೊಂದೂ ಇದೆ. ನೀನು ಎದೆಗೇ ಗುರಿಯಿಟ್ಟಿದ್ದೆ, ಅಲ್ವಾ? ಬಾಣ ಸೆಕೆಂಡಿಗೆ 80-90 ಮೀಟರ್ ಹೋದರೆ ಬಿಲ್ಲಿನ ಹೆದೆಯ ಸದ್ದು 340 ಮೀಟರ್ ಹೋಗುತ್ತದೆ. ಸದ್ದು ಕೇಳಿದ್ದೇ ಜಿಂಕೆ ನೆಗೆಯಲು ಮೈ ತಗ್ಗಿಸುತ್ತದೆ. ಎದೆಗೆ ಬಿಟ್ಟದ್ದು ಬೆನ್ನಿನ ಮಾಂಸಕ್ಕೆ ಹೋಗುತ್ತದೆ. ಆಗ ಮೊದಲು ರಕ್ತ ಚೆನ್ನಾಗಿ ಸಿಕ್ಕಿ, ಆಮೇಲೆ ನಿಂತೇಹೋಗುತ್ತದೆ. ಅಂಥವು ಎಷ್ಟೋ ಸಲ ವಾಸಿಯಾಗಿ ಓಡಾಡಿಕೊಂಡಿರುತ್ತವೆ. ನಿನ್ನದು ಅದೇ ಇರಲಿ ಅಂತ ಆಸೆಪಡುತ್ತಿದ್ದೇನೆ.

ಕಾಯಲಾಗದವನು ಹೇಳುವುದು ಎಷ್ಟು ಸರಿಯೋ, ಆದರೂ ಹೇಳುತ್ತೇನೆ. ಕೊನೆಯ ರಕ್ತ ಸಿಕ್ಕಲ್ಲಿ ಒಂದು ಬಿಳಿ ಕಾಗದ ಕಟ್ಟು. ಜಾಡಿನ ಮೇಲೆ ತುಳಿಯಬೇಡ, ಪಕ್ಕದಲ್ಲಿ ನಡೆ. ಮೂಸಿ ಹುಡುಕುವ ನಾಯಿಯನ್ನು ಹಗ್ಗ ಹಿಡಿದು ಕರೆದೊಯ್ಯಲು ಅಲ್ಲಿ ಅವಕಾಶವಿದ್ದರೆ, ನೀನು ಸುತ್ತಮುತ್ತ ತುಳಿದು ಕೆಡಿಸುವ ಮೊದಲೇ ಕರೆಸು. ಹಳ್ಳ, ಕೆರೆ ಇದ್ದ ಕಡೆಯೂ ನೋಡಬೇಕು, ಗಾಯವಾದದ್ದು ನೀರಿನ ಹತ್ತಿರ ಹೋಗುವುದುಂಟು. ಇದೆಲ್ಲ ಮೊದಲೇ ಹೇಳಿಕೊಡಬೇಕಿತ್ತು. ನನ್ನ ಕಥೆ ಹೇಳಬೇಕಾಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ.

ಬಾಣ ಸಿಕ್ಕಿತು ಅಂತ ಬರೆದಿದ್ದೀಯ. ಅದರ ಮೇಲೆ ಏನಿತ್ತು ಅಂತ ಬರೆದೇ ಇಲ್ಲ. ತೊಳೆದಿಲ್ಲ ತಾನೇ? ಗರಿಗಳ ಸಂದಿಯಲ್ಲಿ ನೋಡು. ಬಣ್ಣ ಯಾವುದು, ನಾತ ಇದೆಯಾ, ಕೂದಲು ಅಂಟಿದ್ದರೆ ಬಿಳಿಯೋ ಕಂದೋ. ಬಿಳಿಯಾಗಿದ್ದರೂ, ಅಂದರೆ ಹೊಟ್ಟೆಯದಾಗಿದ್ದರೂ, ಮುಚ್ಚಿಡದೆ ಬರಿ.

ನಿನ್ನ ದೊಡ್ಡಪ್ಪ